ಮೊಗ್ಗಿಟ್ಟಿಗೆಯ ಹಡಗು

ಫೆಬ್ರವರಿ ೪

ಮಗಳೇ,

ಕಳೆದ ಸಲ ಫೋನಿನಲ್ಲಿ ನೀನು "ಊಟ ಆಯ್ತಾ" ಅಂದೆ, ನಾನು "ಆಯ್ತು, ನಿಂದು?" ಅಂದೆ. ಆಮೇಲೆ ಇಬ್ಬರೂ ನಿನ್ನ ಹಡಗಿನ ಸದ್ದು ಕೇಳಿಸಿಕೊಂಡು ಕೂತೆವು. ಅದಕ್ಕೇ ಈ ಪತ್ರ. ಬರೆಯುವಾಗ ನಡುನಡುವೆ ಸುಮ್ಮನಾದರೆ ಅದು ಓದುವವರಿಗೆ ಗೊತ್ತಾಗುವುದಿಲ್ಲ. ನಿಮ್ಮ ಕಂಪನಿಯ ಕಚೇರಿಗೆ ಕಳಿಸಿದರೆ ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಮುಟ್ಟಿಸುತ್ತಾರಂತೆ.

ಇಲ್ಲಿ ಒಂದು ವಿಷಯ ನಡೆಯಿತು. ನಮ್ಮ ಹಲ್ಲಿನ ಆಸ್ಪತ್ರೆಯ ಮುಂದಿನ ಕೋಣೆಯಲ್ಲಿ, ಮಕ್ಕಳು ಅಳದಿರಲಿ ಅಂತ ಡಾಕ್ಟರಮ್ಮ ಒಂದು ಡಬ್ಬಿ ಪ್ಲಾಸ್ಟಿಕ್ ಇಟ್ಟಿಗೆ ಇಟ್ಟಿದ್ದಾರೆ. ಒಂದರ ಮೇಲೊಂದು ಒತ್ತಿ ಮನೆ, ಕಾರು ಮಾಡುವಂಥವು. ಮೊನ್ನೆ ಅದರಲ್ಲಿ ಎರಡು ಚಪ್ಪಟೆ ತುಂಡುಗಳು ಕಚ್ಚಿಕೊಂಡು ಬಿಡಲೇ ಒಲ್ಲವು. ಒಂದು ಮಗು ಹಲ್ಲು ಹಾಕಿ ಎಳೆಯಿತು. ಇಟ್ಟಿಗೆ ಬರಲಿಲ್ಲ, ಕೀಳಿಸಲು ಬಂದಿದ್ದ ಹಲ್ಲೇ ಬಂತು. ಡಾಕ್ಟರಮ್ಮ ನಗುತ್ತ ಆ ತುಂಡುಗಳನ್ನು ಕಟ್ಟುಹಲ್ಲು ಮಾಡುವ ಹಿಂದಿನ ಕೋಣೆಗೆ, ನನ್ನ ಹತ್ತಿರ ಕಳಿಸಿದರು. ನಾನು ಹಲ್ಲಿನ ಸೆಟ್ಟು ಕೆರೆಯುವ ಚಾಕು ಕೈಗೆತ್ತಿಕೊಂಡೆ. ಪಕ್ಕದ ಕನ್ನಡಕದಂಗಡಿಯ ಯಜಮಾನಿ ಪಾಲಿಷ್ ಪುಡಿ ಕೇಳಲು ಬಂದು ಅಲ್ಲೇ ನಿಂತಿದ್ದರು. "ಚಾಕು ಬೇಡಿ, ಗೀರು ಬೀಳುತ್ತೆ" ಅಂದವರೇ ಕೈಚೀಲದಿಂದ ಕಿತ್ತಳೆ ಬಣ್ಣದ ಪುಟ್ಟ ಮೀಟುಗೋಲು ತೆಗೆದು ಟಕ್ ಅಂತ ಬಿಡಿಸಿಬಿಟ್ಟರು. ಇಂಥದ್ದನ್ನು ಕೈಚೀಲದಲ್ಲಿ ಇಟ್ಟುಕೊಂಡು ತಿರುಗುವ ಹೆಂಗಸನ್ನು ನಾನು ಈವರೆಗೆ ನೋಡಿರಲಿಲ್ಲ.

"ಚಿಕ್ಕವರಿದ್ದಾಗ ಆಡಿದ್ರಾ?" ಅಂತ ಕೇಳಿದರು.

"ಆಡಿದ್ದೆ. ಹನ್ನೆರಡೋ ಹದಿಮೂರೋ ವರ್ಷದವರೆಗೆ."

"ಹಾಗಾದ್ರೆ ಅಜ್ಞಾತವಾಸದಲ್ಲಿದ್ದೀರಿ. ಭಾನುವಾರ ವಾಚನಾಲಯದ ಮಹಡಿಗೆ ಬನ್ನಿ."

ಇಟ್ಟಿಗೆ ಕಟ್ಟುವ ದೊಡ್ಡವರದ್ದೇ ಒಂದು ಸಂಘವಿದೆಯಂತೆ. ಹೋಗಬೇಕೋ ಬೇಡವೋ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಯಾರಾದರೂ ನೋಡಿದರೆ ಏನಂದುಕೊಂಡಾರು.

ಹುಷಾರಾಗಿರು.
ನಿನ್ನ ಅಪ್ಪ

ಫೆಬ್ರವರಿ ೨೬

ಅಪ್ಪಾ,

ನಿನ್ನ ಪತ್ರ ನೋಡಿ ಮೊದಲು ಗಾಬರಿಯಾಯಿತು. ಮನೆಯಿಂದ ಲಕೋಟೆ ಬಂದರೆ ಹಡಗಿನಲ್ಲಿ ಎಲ್ಲರೂ ಮುಖ ನೋಡುತ್ತಾರೆ. ಓದಿ ಜೋರಾಗಿ ನಕ್ಕೆ, ಆಮೇಲೆ ಆ ಹಲ್ಲಿನ ಕಥೆಯನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳಬೇಕಾಯಿತು.

ಹೋಗು, ಸಂಘಕ್ಕೆ. ನೋಡಿದವರು ಏನಾದರೂ ಅಂದುಕೊಳ್ಳಲಿ. ಮನೆಯಲ್ಲಿ ಕೂತರೆ ನೀನು ಟಿ.ವಿ. ನೋಡುವುದಿಲ್ಲ, ಟಿ.ವಿ.ಯೇ ನಿನ್ನನ್ನು ನೋಡುತ್ತಿರುತ್ತದೆ.

ನಾನು ಚೆನ್ನಾಗಿದ್ದೇನೆ. ಕೆಲಸ ನಡೆಯುತ್ತಿದೆ. ಇಲ್ಲಿ ಸೆಕೆ.

ಪ್ರೀತಿಯಿಂದ,
ಮಗಳು

ಮಾರ್ಚ್ ೧೪

ಮಗಳೇ,

ಹೋದೆ. ಒಂದು ಸಲ ಅಲ್ಲ, ಎರಡು ಸಲ ಹೋದೆ.

ಸಂಘದ ಹಿರಿಯರು ನಿವೃತ್ತ ಮೇಷ್ಟ್ರು ಒಬ್ಬರು. ಅಲ್ಲಿ ಅವರು ಮಾಡಿಟ್ಟ ಭಾಷೆಯೇ ನಡೆಯುತ್ತದೆ. ಮೊದಲ ದಿನ ನನಗೆ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗಾಗಿತ್ತು. ಇಟ್ಟಿಗೆಯ ತಲೆಯ ಮೇಲಿರುವ ಗುಂಡನೆಯ ಉಬ್ಬಿಗೆ "ಮೊಗ್ಗು". ಮೊಗ್ಗು ಮೇಲಕ್ಕಿರದೆ ಪಕ್ಕಕ್ಕೆ ಬರುವಂತೆ ಕಟ್ಟಿದರೆ "ಅಡ್ಡಮೊಗ್ಗು". ಅದನ್ನು ಚೆನ್ನಾಗಿ ಬಲ್ಲವರಿಗೆ ಅಲ್ಲಿ ಮರ್ಯಾದೆ ಒಂದು ತೂಕ ಹೆಚ್ಚು. ಎರಡು ಇಟ್ಟಿಗೆಗಳು ಒಂದನ್ನೊಂದು ಹಿಡಿದುಕೊಳ್ಳುವ ಬಿಗಿಗೆ "ಹಿಡಿತ". ಕೆಲಸಕ್ಕೆ ಬೇಕಾಗಿಯೇ ಇಲ್ಲದ, ಬರೀ ಕಣ್ಣಿಗೆ ಹಬ್ಬವಾಗಲಿ ಅಂತ ಅಂಟಿಸುವ ಕೊಳವೆ, ಹಿಡಿಕೆ, ಚಕ್ರಗಳಿಗೆ "ಗಿಜಿಗಿಜಿ". ಚಿಕ್ಕಂದಿನಲ್ಲಿ ಬಿಟ್ಟ ಆಟಕ್ಕೆ ದೊಡ್ಡವರಾಗಿ ಮರಳುವ ತನಕದ ಕಾಲ "ಅಜ್ಞಾತವಾಸ". ನನ್ನದು ಸಂಘದಲ್ಲೇ ಅತಿ ಉದ್ದದ ಅಜ್ಞಾತವಾಸವಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವುದಕ್ಕೆ ಅಂತ ನನಗಿನ್ನೂ ತಿಳಿದಿಲ್ಲ.

ಇನ್ನೊಂದು ಮಾತಿದೆ, "ಅಕ್ರಮ ಜೋಡಣೆ". ಇಟ್ಟಿಗೆ ಮಾಡಿದವರು ಯೋಚಿಸಿರದ ರೀತಿಯಲ್ಲಿ, ಮೊಗ್ಗುಗಳ ಸಂದಿಗೆ ಹಲಗೆಯ ಅಂಚು ತುರುಕಿ ಓರೆಯಾಗಿ ನಿಲ್ಲಿಸುವುದು ಅಂಥದ್ದು. ನಿಲ್ಲುತ್ತದೆ, ಆದರೆ ತುಂಡುಗಳಿಗೆ ಒಳಗೊಳಗೇ ನೋವು. ಮೇಷ್ಟ್ರಿಗೆ ಅದು ಕಂಡರಾಗದು. ಉಳಿದವರೆಲ್ಲ ಕದ್ದುಮುಚ್ಚಿ ಮಾಡುತ್ತಾರೆ.

ಈಗ ನಿನ್ನಿಂದ ಒಂದು ಸಹಾಯ. ಜುಲೈನಲ್ಲಿ ಪ್ರದರ್ಶನವಿದೆ. ಏನು ಕಟ್ಟುತ್ತೀರಿ ಅಂತ ಕೇಳಿದರು. ಬಾಯಿಂದ "ಮಗಳ ಹಡಗು" ಅಂತ ಬಂದುಬಿಟ್ಟಿತು. "ಎಂಜಿನ್ ಎಲ್ಲಿರುತ್ತೆ? ಮುಂದೋ ಹಿಂದೋ?" ಅಂದರು ಮೇಷ್ಟ್ರು. ನೀನು ಹಡಗಿಗೆ ಸೇರಿ ಇಷ್ಟು ವರ್ಷವಾಯಿತು, ಅದು ಮುಂದೋ ಹಿಂದೋ ನನಗೆ ಗೊತ್ತಿಲ್ಲ. ಬರೆದು ತಿಳಿಸು. ಎಷ್ಟು ಬರೆದರೂ ಹೆಚ್ಚಾಗುವುದಿಲ್ಲ.

ಅಪ್ಪ

ಮಾರ್ಚ್ ೩೦

ಮಗಳೇ,

ಹಿಂದಿನ ಪತ್ರಕ್ಕೆ ಉತ್ತರ ಬರುವ ಮುಂಚೆಯೇ ಬರೆಯುತ್ತಿದ್ದೇನೆ. ಹೇಳದಿದ್ದರೆ ಹೊಟ್ಟೆ ಉಬ್ಬಿಹೋಗುತ್ತದೆ.

ಈ ಭಾನುವಾರ ಕನ್ನಡಕದವರೂ ನಾನೂ ಸೇರಿ ಒಂದು ಅಕ್ರಮ ಜೋಡಣೆಗೆ ಕೈಹಾಕಿದೆವು. ಉಳಿದವರೆಲ್ಲ ಚಹಾ ಕುಡಿಯಲು ಕೆಳಗೆ ಹೋಗಿದ್ದರು. ನನಗೆ ಧೈರ್ಯವಿರಲಿಲ್ಲ. "ಯಾರಿಗೂ ಗೊತ್ತಾಗಲ್ಲ, ಬನ್ನಿ" ಅಂದವರು ಅವರೇ. ಆಮೇಲೆ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು, ಒಂದೇ ನೋಟಕ್ಕೆ ಕಂಡುಹಿಡಿದು, ಬೆರಳಿನಿಂದ ಅಲ್ಲಾಡಿಸಿಯೂ ನೋಡಿ, "ಅಕ್ರಮವೇ. ಆದ್ರೆ ನಿಲ್ಲೋ ಹಾಗೆ ಕಾಣುತ್ತೆ" ಅಂದರು. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ. ಈ ವಯಸ್ಸಿನಲ್ಲಿ ಇಷ್ಟು ಖುಷಿಯಾಗಬಹುದು ಅಂತ ಅಂದುಕೊಂಡಿರಲಿಲ್ಲ.

ಮನೆಯಲ್ಲೂ ಊಟದ ಮೇಜು ತುಂಬಿಹೋಗಿದೆ. ಒಲೆಯ ಪಕ್ಕ ನಿಂತೇ ಉಣ್ಣುತ್ತೇನೆ. ಕನ್ನಡಕದವರು ಆಗಾಗ ಬಂದು ಕೈಜೋಡಿಸುತ್ತಾರೆ.

ಅವಸರದಲ್ಲಿ,
ಅಪ್ಪ

ಏಪ್ರಿಲ್ ೧೯

ತೀರ್ಥರೂಪರಿಗೆ ಮಗಳ ನಮಸ್ಕಾರಗಳು.

ಮಾರ್ಚ್ ೩೦ರ ನಿಮ್ಮ ಪತ್ರ ತಲುಪಿತು. ಅದಕ್ಕೂ ಹಿಂದೆ ಒಂದು ಬರೆದಿದ್ದಿರೆಂದು ಅದರಲ್ಲಿದೆ. ನಾವು ಒಂದು ಬಂದರಿಗೆ ಹೋಗದೆ ಮುಂದೆ ಬಂದೆವು, ಆದ್ದರಿಂದ ಅದು ನನಗೆ ಸಿಕ್ಕಿಲ್ಲ.

ಅಮ್ಮ ಹೋಗಿ ಬಹಳ ಕಾಲವಾಯಿತು. ನಿಮ್ಮ ಒಂಟಿತನ ನನಗೆ ಅರ್ಥವಾಗದ ಸಂಗತಿಯಲ್ಲ. ನೀವು ಯಾರ ಜೊತೆ ಹೇಗಿರುತ್ತೀರಿ ಎನ್ನುವುದು ನಿಮಗೆ ಬಿಟ್ಟಿದ್ದು. ಆದರೆ ನೀವೇ ಅದನ್ನು ಅಕ್ರಮ ಎಂದು ಕರೆದುಕೊಂಡು, ಎಲ್ಲರೂ ಚಹಾಕ್ಕೆ ಹೋಗಿರುವಾಗ, ಅದೂ ವಾಚನಾಲಯದ ಮಹಡಿಯ ಮೇಲೆ, ಎಂದು ಮಗಳಿಗೆ ಬರೆಯುತ್ತೀರಲ್ಲ, ಅದಕ್ಕೆ ನಾನು ಏನೆಂದು ಉತ್ತರ ಕೊಡಲಿ? ಆ ಮೇಷ್ಟ್ರು ಬೆರಳಿನಿಂದ ಅಲ್ಲಾಡಿಸಿ ನೋಡಿದರು ಎನ್ನುವ ಸಾಲನ್ನು ಹಲವು ಸಲ ಓದಿದೆ, ಅರ್ಥವಾಗಲಿಲ್ಲ. ಅರ್ಥವಾಗದಿರುವುದೇ ಕ್ಷೇಮವೆಂದು ಬಿಟ್ಟೆ.

ಅವರಿಗೆ ಗಂಡ ಇದ್ದಾರೆಯೇ? ಅದನ್ನಾದರೂ ತಿಳಿಸಿ.

ಇತಿ,
ನಿಮ್ಮ ಮಗಳು

ಮೇ ೬

ಮಗಳೇ,

ಆಸ್ಪತ್ರೆಯಲ್ಲಿ ಲಕೋಟೆ ಬಿಚ್ಚಿದ ಕೂಡಲೇ "ತೀರ್ಥರೂಪರಿಗೆ" ಅಂತ ಕಂಡಿತು. ನೀನು ನನ್ನನ್ನು "ನೀವು" ಅಂದದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಪೂರ್ತಿ ಓದಿದ ಮೇಲೆ ಕುರ್ಚಿ ಹಿಡಿದುಕೊಂಡು ನಗುವ ಹಾಗಾಯಿತು. ಅಷ್ಟು ಹೊತ್ತಿಗೆ ಡಾಕ್ಟರಮ್ಮ ಓಡಿ ಬಂದು ನೀರು ಕೊಟ್ಟರು.

ಮಾರ್ಚ್ ೧೪ರ ಪತ್ರ ಈಗ ನಿನಗೆ ಸಿಕ್ಕಿರಬೇಕು. ಸಿಕ್ಕದಿದ್ದರೆ ಇಷ್ಟು ತಿಳಿದುಕೋ: ಅಕ್ರಮವಾದದ್ದು ನಾವಿಬ್ಬರಲ್ಲ, ಹಡಗಿನ ಹೊಗೆಕೊಳವೆ. ಅದು ಓರೆಯಾಗಿ ನಿಲ್ಲಬೇಕಿತ್ತು, ಸಕ್ರಮವಾಗಿ ನಿಲ್ಲಲಿಲ್ಲ. ಮೊಗ್ಗಿನ ಸಂದಿಗೆ ಹಲಗೆ ತುರುಕಿ ನಿಲ್ಲಿಸಿದೆವು. ಮೇಷ್ಟ್ರು ಅಲ್ಲಾಡಿಸಿದ್ದು ಅದನ್ನೇ.

ನಿನ್ನ ಪತ್ರವನ್ನು ಕನ್ನಡಕದವರಿಗೆ ತೋರಿಸಲಿಲ್ಲ. ಯಾಕೆ ನಗುತ್ತಿದ್ದೀರಿ ಅಂತ ಕೇಳಿದರು, "ಮಗಳು ತಮಾಷೆ ಮಾಡಿದಾಳೆ" ಅಂದೆ. ಆಮೇಲೆ ಯಾಕೋ ನನ್ನ ಮುಖ ಕೆಂಪಾಯಿತು.

ಗಂಡ ಇಲ್ಲ. ಬಹಳ ಹಿಂದೆ ಇದ್ದರಂತೆ, ಜಗಳವಿಲ್ಲದೆ ಬೇರೆಯಾದರಂತೆ. ನೀನು ಕೇಳಿದೆ ಅಂತ ಬರೆದೆ.

ಎಂಜಿನ್ ಮುಂದೋ ಹಿಂದೋ, ಅದನ್ನು ಇನ್ನೂ ನೀನು ಬರೆದಿಲ್ಲ.

ಅಪ್ಪ

ಮೇ ೨೪

ಅಪ್ಪಾ,

ನಿನ್ನ ಎರಡೂ ಪತ್ರ ಒಟ್ಟಿಗೆ ಸಿಕ್ಕವು. ಮೊದಲು ಮಾರ್ಚಿನದ್ದು ಓದಿದೆ. "ಅಕ್ರಮ ಜೋಡಣೆ" ಅನ್ನುವ ಕಡೆ ಬಂದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಮುದ್ರದ ಮಧ್ಯೆ ಆ ಸೌಲಭ್ಯವೂ ಇಲ್ಲ.

ನೀನು ಹೊಗೆಕೊಳವೆಯ ವಿಚಾರ ಬಿಡಿಸಿ ಬಿಡಿಸಿ ಬರೆದಿದ್ದೀಯ. "ಅವರ ಜೊತೆ ನನಗೆ ಅಂಥದ್ದೇನೂ ಇಲ್ಲ" ಅಂತ ಮಾತ್ರ ಎಲ್ಲೂ ಬರೆದಿಲ್ಲ. ಹುಡುಕಿದೆ, ಸಿಗಲಿಲ್ಲ. ಇರಲಿ.

ಎಂಜಿನ್ ಹಿಂದೆ, ಅಪ್ಪಾ. ನಾವು ಮಲಗುವ ಕೋಣೆಗಳ ನೇರ ಕೆಳಗೆ. ಮೂರು ಅಂತಸ್ತಿನ ಮನೆಯಷ್ಟು ಎತ್ತರ. ಅದರ ಸುತ್ತ ಕಬ್ಬಿಣದ ಜಾಲರಿಯ ಮೆಟ್ಟಿಲು, ಮೇಲಿಂದ ನೋಡಿದರೆ ಕಾಲಿನ ಸಂದಿಯಲ್ಲೇ ಪಾತಾಳ ಕಾಣುತ್ತದೆ. ಬಲಗಡೆ ಸಮುದ್ರದ ನೀರು ಎಳೆಯುವ ದೊಡ್ಡ ಪಂಪು. ಎಡಗಡೆ ಒಂದು ಚಿಕ್ಕ ಕೋಣೆಯಲ್ಲಿ ಎಣ್ಣೆ ಸೋಸುವ ಯಂತ್ರಗಳು. ಆ ಎಣ್ಣೆ ತಣ್ಣಗಿದ್ದರೆ ಡಾಂಬರಿನ ಹಾಗೆ, ಕಾಯಿಸಿ ಸೋಸಿದರೆ ಮಾತ್ರ ಎಂಜಿನ್ ಕುಡಿಯುತ್ತದೆ. ಗಾಜಿನ ಕೋಣೆಯೊಂದಿದೆ, ಅಲ್ಲಿ ಕೂತು ಮಾಪಕಗಳ ಮುಳ್ಳುಗಳನ್ನು ನೋಡಬಹುದು. ನಾನು ಕೂರುವುದು ಕಡಿಮೆ. ಮುಳ್ಳು ಹೇಳುವ ಮುಂಚೆ ಸದ್ದು ಹೇಳುತ್ತದೆ. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರೂ ಪಾದದಲ್ಲಿ ಗೊತ್ತಾಗುತ್ತದೆ. ಕಳೆದ ತಿಂಗಳು ಊಟ ಮಾಡುತ್ತಿದ್ದಾಗ ನೆಲದ ನಡುಕ ಬದಲಾದದ್ದು ತಿಳಿಯಿತು, ತಟ್ಟೆ ಬಿಟ್ಟು ಓಡಿದೆ. ಪಂಪಿನ ಬೇರಿಂಗೊಂದು ಹಾಳಾಗುವುದರಲ್ಲಿತ್ತು. ಚೀಫ್ ಎಂಜಿನಿಯರ್ ಹೆಚ್ಚು ಮಾತಾಡುವ ಮನುಷ್ಯನಲ್ಲ. ಅವತ್ತು ನನ್ನ ತಟ್ಟೆಯನ್ನು ತಾವೇ ಬಿಸಿ ಮಾಡಿಸಿ ಕೆಳಗೆ ಕಳಿಸಿದರು.

ನಮ್ಮೆಲ್ಲರದ್ದೂ ನೀಲಿ ಬಟ್ಟೆ. ನಾನು ಸೆಕೆಂಡ್ ಎಂಜಿನಿಯರ್ ಆದ್ದರಿಂದ ಎಲ್ಲರೂ ನನ್ನನ್ನು "ಸೆಕೆಂಡ್" ಅಂತ ಕರೆಯುತ್ತಾರೆ. ಹೆಸರು ಹಿಡಿದು ಕರೆಯುವವರಿಲ್ಲ. ಮೊದಮೊದಲು ಬೇಜಾರಾಗುತ್ತಿತ್ತು, ಈಗ ಅದೇ ನನ್ನ ಹೆಸರು ಅನ್ನಿಸುತ್ತದೆ.

ಇದನ್ನೆಲ್ಲ ಯಾರೂ ಕೇಳಿರಲಿಲ್ಲ. ಬರೆಯುತ್ತಾ ಕೂತರೆ ನಿಲ್ಲಿಸುವುದೇ ಕಷ್ಟವಾಯಿತು. ಚಿತ್ರವನ್ನೂ ಬರೆದು ಇದರ ಜೊತೆ ಇಟ್ಟಿದ್ದೇನೆ. ಗಿಜಿಗಿಜಿ ಎಷ್ಟು ಬೇಕಾದರೂ ಹಾಕು. ನಿಜವಾದ ಎಂಜಿನ್ ಕೋಣೆಯಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ, ಮತ್ತು ಇಲ್ಲಿ ಪ್ರತಿಯೊಂದಕ್ಕೂ ಕೆಲಸವಿದೆ.

ನಿನ್ನ
ಸೆಕೆಂಡ್

ಜೂನ್ ೧೫

ಸೆಕೆಂಡ್ ಅವರೇ,

ನಿನ್ನ ಪತ್ರವನ್ನು ಸಂಘದಲ್ಲಿ ಜೋರಾಗಿ ಓದಿದೆ. ಮೇಷ್ಟ್ರು ಎರಡನೇ ಸಲ ಓದಿಸಿದರು. ಆಮೇಲೆ "ಹಡಗಿನ ಹೊರಮೈ ಯಾರು ಬೇಕಾದ್ರೂ ಕಟ್ತಾರೆ. ಒಂದು ಪಕ್ಕ ತೆರೆದಿಡಿ, ಒಳಗಡೆ ಕಾಣಲಿ" ಅಂದರು. ಹಾಗಾಗಿ ಇಷ್ಟು ದಿನ ಕಟ್ಟಿದ್ದ ಎಡಮಗ್ಗುಲನ್ನು ಪೂರ್ತಿ ಬಿಚ್ಚಿದ್ದೇನೆ. ಬೇಜಾರಾಗಲಿಲ್ಲ.

ಜಾಲರಿ ಮೆಟ್ಟಿಲಿಗೆ ಪುಟ್ಟ ಬೇಲಿಗಳನ್ನು ಅಡ್ಡ ಮಲಗಿಸಿದೆ. ಸೋಸುವ ಯಂತ್ರಕ್ಕೆ ಪೀಪಾಯಿಯಂಥ ತುಂಡು ಸಿಕ್ಕಿತು. ಪಂಪಿಗೆ ಏನು ಮಾಡಿದರೂ ಪಂಪಿನ ಮುಖ ಬರಲಿಲ್ಲ. ಕೊನೆಗೆ ಕನ್ನಡಕದವರು ಐಸ್‌ಕ್ರೀಮಿನ ಆಕಾರದ ತುಂಡೊಂದನ್ನು ತಲೆಕೆಳಗು ಮಾಡಿ ಕೂರಿಸಿದರು. ಪಂಪೇ. ಅವರ ಬೆರಳುಗಳು ಬಹಳ ಸಣ್ಣ, ನನಗೆ ಕಾಣದ ಸಂದಿಯೆಲ್ಲ ಅವರಿಗೆ ಕಾಣುತ್ತದೆ. ನನ್ನ ಕನ್ನಡಕದ ನಂಬರು ಬದಲಾಗಿದೆ ಅಂತ ಅವರಿಗೆ ಗೊತ್ತಾದದ್ದೂ ಹೀಗೇ. ಹೊಸದು ಮಾಡಿಕೊಟ್ಟರು. ಈಗ ಎಲ್ಲ ನಿಚ್ಚಳ. ಅವರ ಕಣ್ಣಿನ ಕೆಳಗೆ ಒಂದು ಚಿಕ್ಕ ಮಚ್ಚೆಯಿದೆ. ಇದನ್ನು ಯಾಕೆ ಬರೆದೆನೋ.

ಪ್ರದರ್ಶನ ಜುಲೈ ಎರಡನೆಯ ವಾರ. ಹಡಗು ಮಹಡಿಯ ಬಾಗಿಲಿಗಿಂತ ಉದ್ದವಾಗಿದೆ. ಎರಡು ತುಂಡು ಮಾಡಿ ಇಳಿಸಬೇಕು. ನೀನು ನೋಡಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಆಗುವುದಿಲ್ಲ ಅಂತ ಗೊತ್ತು, ಸುಮ್ಮನೆ ಬರೆದೆ.

ಅಪ್ಪ

ಜುಲೈ ೨೦

ಅಪ್ಪಾ,

ಹಡಗಿಗೆ ಮರಳಿ ವಾರವಾಯಿತು. ಹಡಗು ನಮ್ಮ ದೇಶದ ಬಂದರಿಗೆ ಬಂದಾಗ ಸಿಕ್ಕ ಒಂದು ದಿನದ ರಜೆಯಲ್ಲಿ ಅಷ್ಟು ದೂರ ರೈಲಿನಲ್ಲಿ ಬಂದದ್ದಕ್ಕೆ ಚೀಫ್ ನನ್ನನ್ನು ಹುಚ್ಚಿ ಅಂದರು. ಆಮೇಲೆ ಫೋಟೋ ತೋರಿಸಿದೆ. ಬಹಳ ಹೊತ್ತು ದೊಡ್ಡದು ಮಾಡಿ ಮಾಡಿ ನೋಡಿದರು. "ಏಣಿ ಒಂದು ಮೆಟ್ಟಿಲು ಕಡಿಮೆ ಇದೆ" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ನಾನು ಬಂದದ್ದು ನೀನು ನನ್ನನ್ನು ನೋಡಿದಾಗ ಅಲ್ಲ. ಅದಕ್ಕೂ ಬಹಳ ಮುಂಚೆ. ಸಭಾಂಗಣದೊಳಗೆ ಕಾಲಿಟ್ಟಾಗ ನಿನ್ನ ಮೇಜಿನ ಸುತ್ತ ಜನ. ಪಕ್ಕದ ಮೇಜಿನಲ್ಲಿ ಯಾರೋ ಕಟ್ಟಿದ್ದ ಎತ್ತರದ ಗಡಿಯಾರ ಗೋಪುರವಿತ್ತು, ಅದರ ಹಿಂದೆ ನಿಂತೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಒಬ್ಬರು ನಿನ್ನನ್ನು ಕೇಳುತ್ತಿದ್ದರು.

"ಏನ್ ಸ್ವಾಮಿ, ಹಡಗಿನ ಹೊಟ್ಟೆ ಬಗೆದು ಇಟ್ಟಿದ್ದೀರಿ?"

"ಎಲ್ಲರೂ ಮೇಲೆ ನಿಂತಿರೋ ಕ್ಯಾಪ್ಟನ್ನ ನೋಡ್ತಾರೆ. ಹಡಗು ಹೋಗೋದು ಕೆಳಗಿರೋರಿಂದ."

"ಈ ನೀಲಿ ಬಟ್ಟೆ ಬೊಂಬೆ ಯಾರು?"

"ಅವಳು ಸೆಕೆಂಡ್ ಎಂಜಿನಿಯರ್. ಪಾದದಲ್ಲೇ ಎಂಜಿನ್ನಿನ ಕಾಯಿಲೆ ಕಂಡುಹಿಡೀತಾಳೆ. ನನ್ನ ಮಗಳು. ನಾನು ಅವಳನ್ನ ಹಲ್ಲಿನ ಡಾಕ್ಟರ್ ಮಾಡ್ಬೇಕು ಅಂತಿದ್ದೆ. ಸದ್ಯ, ಅವಳು ನನ್ನ ಮಾತು ಕೇಳ್ಲಿಲ್ಲ."

ಗೋಪುರದ ಹಿಂದೆ ನನಗೆ ಮುಂದಕ್ಕೆ ಹೆಜ್ಜೆ ಬರಲಿಲ್ಲ. ಆಗ ಯಾರೋ ನನ್ನ ಕೈಗೆ ಚಹಾದ ಲೋಟ ಕೊಟ್ಟರು. ನೋಡಿದರೆ, ಕಣ್ಣಿನ ಕೆಳಗೆ ಮಚ್ಚೆ.

"ನಿಮ್ಮ ಫೋಟೋ ಅವರ ಕೆಲಸದ ಮೇಜಿನ ಮೇಲಿದೆ" ಅಂದರು ಮೆಲ್ಲಗೆ. "ಈಗ್ಲೇ ಹೋಗ್ಬೇಡಿ. ಇನ್ನೂ ಸ್ವಲ್ಪ ಕೇಳಿಸ್ಕೊಳ್ಳಿ. ಎದುರಿಗೆ ನಿಂತ್ರೆ ಅವರು ಇದನ್ನೆಲ್ಲ ಹೇಳಲ್ಲ."

ಇಬ್ಬರೂ ಅಲ್ಲೇ ನಿಂತು ಕೇಳಿಸಿಕೊಂಡೆವು. ನೀನು ನನ್ನ ಎಂಜಿನ್ ಕೋಣೆಯ ಬಗ್ಗೆ ಬಂದವರಿಗೆಲ್ಲ ಅದೇ ಉತ್ಸಾಹದಲ್ಲಿ ಹೇಳಿದೆ. ಸೋಸುವ ಯಂತ್ರದ ವಿಚಾರದಲ್ಲಿ ಒಂದಿಷ್ಟು ತಪ್ಪು ಹೇಳಿದೆ. ಅದು ಇರಲಿ.

ನಡುವೆ ನಾನು ಅವರನ್ನು ನೇರವಾಗಿ ಕೇಳಿದೆ. "ಅಪ್ಪ ನಿಮ್ಮನ್ನ ಏನಾದ್ರೂ ಕೇಳಿದಾರಾ?"

ಅವರು ಯಾವ ಮುಜುಗರವೂ ಇಲ್ಲದೆ, "ಇಲ್ಲ. ಕೇಳೋ ಹಾಗೆ ಮುಖ ಮಾಡ್ತಾರೆ. ಆಮೇಲೆ 'ಹಳದಿ ಇಟ್ಟಿಗೆ ಇದ್ಯಾ' ಅಂತಾರೆ. ನನ್ನ ಹತ್ರ ಇದ್ದ ಹಳದಿಯೆಲ್ಲ ಖಾಲಿಯಾಯ್ತು" ಅಂದರು.

ಆಮೇಲೆಯೇ ನಾನು ನಿನ್ನ ಬೆನ್ನ ಹಿಂದೆ ಬಂದು "ಸಾರ್, ಆ ಪಂಪು ಎಡಗಡೆ ಇರ್ಬೇಕಲ್ವಾ?" ಅಂದದ್ದು. ನೀನು ತಿರುಗಿಯೂ ನೋಡದೆ "ಬಲಗಡೆ ಅಂತ ನನ್ನ ಮಗಳು ಬರೆದಿದಾಳೆ. ಅವಳಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಅಂದೆಯಲ್ಲ, ಆ ಮಾತನ್ನು ಹಡಗಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ನೀನು ತಿರುಗಿ ನೋಡಿದ ಮೇಲೆ ಆದದ್ದನ್ನು ಯಾರಿಗೂ ಹೇಳಿಲ್ಲ.

ಅಪ್ಪಾ, ಹಳದಿ ಇಟ್ಟಿಗೆ ಸಾಕು. ಕೇಳಬೇಕಾದ್ದು ಕೇಳು.

ನಿನ್ನ ಮಗಳು

ಆಗಸ್ಟ್ ೨೮

ಮಗಳೇ,

ಮೊದಲು ಒಂದು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಾಗಿ ಬೈಯಬೇಡ. ಹಡಗನ್ನು ಬಿಚ್ಚಿದೆವು. ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚುವುದೇ ಇಲ್ಲಿಯ ರೂಢಿ. ಇಲ್ಲದಿದ್ದರೆ ಹೊಸದಕ್ಕೆ ಇಟ್ಟಿಗೆ ಎಲ್ಲಿಂದ ಬರಬೇಕು? ಇಡೀ ಸಂಘ ಮೇಜಿನ ಸುತ್ತ ಕೂತು, ಹರಟೆ ಹೊಡೆಯುತ್ತ, ಬಣ್ಣ ಬಣ್ಣವಾಗಿ ಡಬ್ಬಿಗೆ ತುಂಬಿದೆವು. ಮೇಷ್ಟ್ರು ಅಕ್ರಮ ಹೊಗೆಕೊಳವೆಯನ್ನು ಬಿಡಿಸಲು ಹೋಗಿ ಬೆವರಿಬಿಟ್ಟರು.

ಎರಡನೆಯದು. ಕೇಳಿದೆ.

ಅಂಗಡಿಗೇ ಹೋಗಿ ಕೇಳಿದೆ. ಏನೇನು ಹೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ, ಅರ್ಧವೇ ಬಂತು. ಅವರು ಒಂದು ಮಸೂರ ಒರೆಸುತ್ತಿದ್ದರು. ಒರೆಸುವುದು ಮುಗಿಸಿ ಬೆಳಕಿಗೆ ಹಿಡಿದು ನೋಡಿ "ಹೂಂ" ಅಂದರು.

"ಹೂಂ ಅಂದ್ರೆ?" ಅಂದೆ.

"ಹೂಂ ಅಂದ್ರೆ ಹೂಂ. ಸ್ವಲ್ಪ ಆ ಕಡೆ ಸರೀರಿ, ಗಿರಾಕಿ ಕಾಯ್ತಿದಾರೆ."

ಮದುವೆಯ ನೋಂದಣಿ ನಿನ್ನ ರಜೆಯಲ್ಲಿ. ನೀನಿಲ್ಲದೆ ಆಗುವುದಿಲ್ಲ ಅಂತ ಅವರೇ ಹೇಳಿದರು. ಸಾಕ್ಷಿಗೆ ಮೇಷ್ಟ್ರು ಒಪ್ಪಿದ್ದಾರೆ.

ಇಬ್ಬರ ಮನೆಯೂ ಚಿಕ್ಕದು, ಹಾಗಾಗಿ ಬೇರೆ ಬಾಡಿಗೆ ಮನೆ ನೋಡಿದೆವು. ನನಗೆ ಎರಡು ಕೋಣೆಯದ್ದು ಹಿಡಿಸಿತ್ತು. ಅವರು ಮೂರು ಕೋಣೆಯದ್ದೇ ಬೇಕು ಅಂತ ಹಟ ಹಿಡಿದರು. "ಇಟ್ಟಿಗೆ ಇಡೋಕಾ?" ಅಂದೆ. "ಇಟ್ಟಿಗೆ ಹಜಾರದಲ್ಲಿರ್ಲಿ. ಅದು ಮಗಳಿಗೆ. ಬಂದೋಳು ಸೋಫಾ ಮೇಲೆ ಮಲಗ್ಬೇಕಾ?" ಅಂದರು. ಮೂರು ಕೋಣೆಯದ್ದೇ ಹಿಡಿದೆವು.

ನಿನ್ನ ಕೋಣೆಗೆ ಎರಡು ಕಿಟಕಿ. ಒಂದರಿಂದ ಬಸ್ ನಿಲ್ದಾಣ ಕಾಣುತ್ತದೆ, ಬೆಳಿಗ್ಗೆಯಿಂದ ಗಲಾಟೆ. ಇನ್ನೊಂದರ ಆಚೆ ಪಕ್ಕದ ಮನೆಯವರ ಬಟ್ಟೆ ಒಣಗುತ್ತಿರುತ್ತದೆ, ಅಲ್ಲಿ ಗಾಳಿ ಚೆನ್ನಾಗಿದೆ. ಎಂಜಿನ್ನಿನ ಮೇಲೆ ಮಲಗಿ ಅಭ್ಯಾಸವಾದವಳಿಗೆ ಗಲಾಟೆ ಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಅವರು ಗಾಳಿಯ ಕಡೆ ಅನ್ನುತ್ತಾರೆ, ನಾನು ಗಲಾಟೆಯ ಕಡೆ ಅನ್ನುತ್ತೇನೆ. ನಿನ್ನ ಮಂಚ ಯಾವ ಕಿಟಕಿಗೆ ಹಾಕಬೇಕು, ಬರೆದು ತಿಳಿಸು. ಅಲ್ಲಿಯವರೆಗೆ ಅದನ್ನು ಕೋಣೆಯ ನಟ್ಟನಡುವೆ ನಿಲ್ಲಿಸಿದ್ದೇವೆ. ಕಸ ಗುಡಿಸುವಾಗ ಇಬ್ಬರೂ ಅದನ್ನು ಸುತ್ತುಹಾಕಿಕೊಂಡು ಓಡಾಡುತ್ತೇವೆ.

ನಿನ್ನ ಅಪ್ಪ
(ಅವರೂ ಸಹಿ ಹಾಕುತ್ತೇನೆ ಅಂದರು. ಏನಂತ ಹಾಕಲಿ ಅಂತ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ನೀನು ಏನೆಂದು ಕರೆಯುತ್ತೀಯೋ ಅದನ್ನೇ ಹಾಕುತ್ತಾರಂತೆ.)